ಹಿತ್ತಲಿಗೆ ಬರುವ ಅಳಿಲುಗಳಿಗೆ ಚಳಿಗಾಲದಲ್ಲಿ ಆಹಾರ ಇಡುವುದು ಹೇಗೆ?

ಹಿಮ ಬಿದ್ದ ಮಾರನೇ ದಿನ ಬೆಳಿಗ್ಗೆ ಕಿಟಕಿ ಹತ್ತಿರ ಸುಮ್ನೆ ಐದು ನಿಮಿಷ ನಿಂತು ನೋಡಿ. ಅಳಿಲು ಮರದಿಂದ ಇಳಿಯುತ್ತದೆ. ಹಿಮದ ಮೇಲೆ ಎರಡು ಮೂರು ಕಡೆ ಮೂಗು ಊರುತ್ತದೆ. ಒಂದು ಜಾಗದಲ್ಲಿ ಪರಪರ ಕೆರೆದು ತಲೆ ಎತ್ತಿದರೆ ಬಾಯಲ್ಲಿ ಒಂದು ಕಾಯಿ! ಎರಡು ಮೂರು ತಿಂಗಳ ಹಿಂದೆ ಹೂತಿಟ್ಟ ಕಾಯಿ ಅದು. ಅಂದರೆ ಚಳಿಗಾಲ ಕಳೆಯುವ ಏರ್ಪಾಡನ್ನು ಅದು ನಮ್ಮನ್ನು ಕೇಳದೆ ಆಗಲೇ ಮಾಡಿಕೊಂಡಿದೆ.

ಮತ್ತೆ ನಾವ್ಯಾಕೆ ಕೊಡಬೇಕು? ಕಾರಣಗಳಿವೆ. ಓಕ್, ಬೀಚ್ ಮರಗಳು ಎಲ್ಲ ವರ್ಷ ಒಂದೇ ಥರ ಕಾಯಿ ಬಿಡುವುದಿಲ್ಲ. ಒಂದು ವರ್ಷ ರಾಶಿ ರಾಶಿ, ಇನ್ನೊಂದು ವರ್ಷ ಬರೀ ಎಲೆ. ಕೆಲವು ಸಲ ಹಿಮ ಕರಗಿ, ಮತ್ತೆ ಹೆಪ್ಪುಗಟ್ಟಿ, ನೆಲದ ಮೇಲೆ ಗಾಜಿನಂಥ ಪದರ ಕೂರುತ್ತದೆ. ಕೆಳಗೆ ಕಾಯಿ ಇದ್ದರೂ ಕೈಗೆ ಸಿಗುವುದಿಲ್ಲ. ಮನೆಗಳ ಸಾಲಿನ ನಡುವೆ ಕಾಯಿ ಬಿಡುವ ಮರಗಳೂ ಕಡಿಮೆ. ಈ ಕೊರತೆಯನ್ನು ತುಂಬುವುದಷ್ಟೇ ನಮ್ಮ ಕೆಲಸ. ಅಳಿಲಿಗೆ ಮಾಡುವ ಸೇವೆಯೂ ಅಳಿಲು ಸೇವೆಯಷ್ಟೇ ಇರಬೇಕು.

ಇದು ನನಗೆ ಗೊತ್ತಾಗಿದ್ದು ಎಡವಿದ ಮೇಲೆ. ಮೊದಲ ವರ್ಷ ಒಂದು ಅಗಲದ ತಟ್ಟೆ ತುಂಬ ಕಡಲೆಕಾಯಿ, ಮೆಕ್ಕೆಜೋಳ ಸುರಿದು ಇಟ್ಟೆ. ಎರಡು ಅಳಿಲು ಬರುತ್ತಿದ್ದ ಜಾಗಕ್ಕೆ ಒಂಬತ್ತು ಬಂದವು. ದಿನಾ ಜಗಳ. ಒಂದರ ಕಿವಿ ಹರಿದು ಹೋಯಿತು. ರಾತ್ರಿ ಇಲಿಗಳು ಬಂದವು. ಹಿಮ ಕರಗಿದಾಗ ತಟ್ಟೆಯ ಕೆಳಗೆ ಬೂಷ್ಟು ಹಿಡಿದ ಜೋಳದ ಗುಡ್ಡೆ. ಒಳ್ಳೆಯದು ಮಾಡಲು ಹೋಗಿ ಮಾಡಿದ ಎಡವಟ್ಟು ಅದು. ಆಮೇಲೆ ಕಲಿತದ್ದನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ.

ಹಂತ 1: ಇಡಬಹುದಾ ಅಂತ ಮೊದಲು ತಿಳಿದುಕೊಳ್ಳಿ

ಕೆಲವು ಊರುಗಳಲ್ಲಿ ಕಾಡುಪ್ರಾಣಿಗಳಿಗೆ ಆಹಾರ ಇಡುವುದಕ್ಕೆ ನಿಷೇಧವಿದೆ. ನಿಮ್ಮ ಕಡೆಯ ನಿಯಮ ನೋಡಿಕೊಳ್ಳಿ. ಗೋಡೆಗೆ ಗೋಡೆ ತಾಗಿದ ಮನೆಯಾದರೆ ಪಕ್ಕದವರಿಗೂ ಒಂದು ಮಾತು ಹೇಳಿ. ನೀವು ಕೊಟ್ಟ ಕಾಯಿ ಹೂಳುವುದು ಅವರ ಹೂಕುಂಡದಲ್ಲಿ, ಅಲ್ವಾ?

ಇನ್ನೊಂದು ವಿಷಯ. ಬೂದು ಅಳಿಲಿನ ತವರು ಉತ್ತರ ಅಮೆರಿಕ. ಬ್ರಿಟನ್, ಐರ್ಲೆಂಡ್, ಇಟಲಿಗೆ ಅದನ್ನು ಮನುಷ್ಯರೇ ತಂದು ಬಿಟ್ಟದ್ದು. ಅಲ್ಲಿ ಅದು ಸ್ಥಳೀಯ ಕೆಂಪು ಅಳಿಲಿನ ಜಾಗ ಕಿತ್ತುಕೊಳ್ಳುತ್ತಿದೆ. ಕೆಂಪು ಅಳಿಲು ಇನ್ನೂ ಉಳಿದಿರುವ ಕಡೆ ಬೂದು ಅಳಿಲಿಗೆ ಆಹಾರ ಇಡಬೇಡಿ. ಅಲ್ಲಿ ನಿಮ್ಮ ದಯೆಗೆ ಬೆಲೆ ತೆರುವುದು ಬೇರೆ ಪ್ರಾಣಿ.

ಹಂತ 2: ಬರುವುದು ಯಾವ ಅಳಿಲು ಅಂತ ಗಮನಿಸಿ

ಅಳಿಲು ಚಳಿಗಾಲವಿಡೀ ಮಲಗಿರುತ್ತದೆ ಅಂತ ತುಂಬ ಜನ ಅಂದುಕೊಂಡಿದ್ದಾರೆ. ನೆಲದಲ್ಲಿ ಬಿಲ ತೋಡುವ ಅಳಿಲುಗಳಲ್ಲಿ ಹೆಚ್ಚಿನವು ಹಾಗೆ ಮಲಗುತ್ತವೆ, ನಿಜ. ಮರದ ಅಳಿಲುಗಳು ಮಲಗುವುದಿಲ್ಲ. ಹಿಮಗಾಳಿ ಜೋರಾದರೆ ಒಂದೆರಡು ದಿನ ಗೂಡಿನಲ್ಲೇ ಮುದುಡಿಕೊಂಡಿರುತ್ತವೆ. ಗಾಳಿ ನಿಂತ ಮೇಲೆ ಹೊಟ್ಟೆಪಾಡಿಗೆ ಹೊರಡಲೇಬೇಕು.

ಹಿತ್ತಲಿನ ಲೆಕ್ಕದಲ್ಲಿ ಎರಡು ಬಗೆ ಗೊತ್ತಿದ್ದರೆ ಸಾಕು. ಬೂದು ಅಳಿಲು ಸುಮಾರು 400ರಿಂದ 600 ಗ್ರಾಂ ತೂಗುತ್ತದೆ. ಇದು ಒಂದೊಂದೇ ಕಾಯಿಯನ್ನು ಒಂದೊಂದು ಕಡೆ ಹೂಳುತ್ತದೆ. ಉತ್ತರ ಅಮೆರಿಕದ ಕೆಂಪು ಅಳಿಲು (ಮೇಲೆ ಹೇಳಿದ ಬ್ರಿಟನ್, ಇಟಲಿ ಕಡೆಯ ಕೆಂಪು ಅಳಿಲು ಬೇರೆ) ಗಾತ್ರದಲ್ಲಿ ಚಿಕ್ಕದು, ಸಿಟ್ಟಿನಲ್ಲಿ ದೊಡ್ಡದು. ಪೈನ್, ಸ್ಪ್ರೂಸ್ ಮರಗಳ ಕಾಯಿಗಳನ್ನು ಒಂದೇ ಕಡೆ ಗುಡ್ಡೆ ಹಾಕಿ ಕಾವಲು ಕೂರುತ್ತದೆ. ಬೂದು ಅಳಿಲುಗಳು ಸ್ವಲ್ಪ ಗುರುಗುಟ್ಟಿಕೊಂಡಾದರೂ ಸರದಿಯಲ್ಲಿ ತಿನ್ನುತ್ತವೆ. ಈ ಕೆಂಪು ಅಳಿಲು ಬಂತೆಂದರೆ ನಾವು ಆಹಾರ ಇಡುವ ಪೆಟ್ಟಿಗೆಯೇ ತನ್ನದು ಅನ್ನುತ್ತದೆ. ಆಗ ಎರಡನೇ ಪೆಟ್ಟಿಗೆ ಬೇಕೇ ಬೇಕು.

ಹೂತಿಟ್ಟ ಕಾಯಿ ಮತ್ತೆ ಸಿಗುವುದು ಬರೀ ವಾಸನೆಯಿಂದ ಅಲ್ಲ. ಸಂಶೋಧಕರಾದ ಲೂಸಿಯಾ ಜೇಕಬ್ಸ್ ಮತ್ತು ಎಮಿಲಿ ಲಿಮನ್ 1991ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಪ್ರತಿ ಬೂದು ಅಳಿಲಿಗೂ ಒಂದು ಅಂಗಳದಲ್ಲಿ 10 ಹೇಜಲ್‌ನಟ್ ಹೂಳಲು ಬಿಟ್ಟಿದ್ದರು. ಕೆಲವು ದಿನಗಳ ಮೇಲೆ ಒಂದೊಂದು ಅಳಿಲನ್ನೇ ಆ ಅಂಗಳಕ್ಕೆ ವಾಪಸು ಬಿಟ್ಟರು. ಬೇರೆ ಅಳಿಲುಗಳ ಕಾಯಿ ಪಕ್ಕದಲ್ಲೇ ಇದ್ದರೂ ಪ್ರತಿಯೊಂದೂ ತಾನು ಹೂತಿದ್ದನ್ನೇ ಜಾಸ್ತಿ ಹುಡುಕಿ ತೆಗೆಯಿತು. ಜಾಗ ನೆನಪಿತ್ತು.

ಓಕ್ ಕಾಯಿಯ ವಿಷಯದಲ್ಲಂತೂ ಇದರ ಜಾಣತನ ನೋಡಬೇಕು. ಬಿಳಿ ಓಕ್ ಕಾಯಿ ಉದುರಿದ ಕೂಡಲೇ ಮೊಳೆಯಲು ಶುರುವಾಗುತ್ತದೆ. ಕೆಂಪು ಓಕ್ ಕಾಯಿ ವಸಂತದವರೆಗೂ ತೆಪ್ಪಗಿರುತ್ತದೆ. ಹಾಗಾಗಿ ಬಿಳಿ ಓಕಿನದ್ದನ್ನು ಅಳಿಲು ಅಲ್ಲೇ ತಿಂದು ಮುಗಿಸುತ್ತದೆ. ಹೂಳಲೇಬೇಕಾದರೆ ಮೊಳಕೆಯ ಜಾಗವನ್ನು ಹಲ್ಲಿನಿಂದ ಕಚ್ಚಿ ತೆಗೆದು ಹೂಳುತ್ತದೆ. ಇಷ್ಟು ಲೆಕ್ಕಾಚಾರ ಮಾಡುವ ಪ್ರಾಣಿಗೆ ದಿನವಿಡೀ ತುಂಬಿದ ತಟ್ಟೆ ಇಟ್ಟು ಕೆಲಸ ಕಿತ್ತುಕೊಳ್ಳಬಾರದು ಅನ್ನುವುದು ನನ್ನ ಅಭಿಪ್ರಾಯ.

ಹಂತ 3: ಪೆಟ್ಟಿಗೆ ಮತ್ತು ಜಾಗ

ನೆಲದ ಮೇಲೆ ಸುರಿಯಬೇಡಿ. ಮುಚ್ಚಳ ಇರುವ ಮರದ ಪೆಟ್ಟಿಗೆ ಒಳ್ಳೆಯದು. ಅಳಿಲು ಮುಚ್ಚಳ ಎತ್ತಿ ತೆಗೆದುಕೊಳ್ಳುತ್ತದೆ, ಹಿಮ ಮಳೆ ಒಳಗೆ ಬೀಳುವುದಿಲ್ಲ. ಮುಂದೆ ಕೂರಲು ಒಂದು ಚಿಕ್ಕ ಹಲಗೆ, ತಳದಲ್ಲಿ ನೀರು ಬಸಿಯಲು ನಾಲ್ಕು ತೂತು. ಬಣ್ಣ, ವಾರ್ನಿಷ್ ಬೇಡ. ಅಳಿಲು ಅಂಚು ಕಡಿಯದೆ ಬಿಡುವುದಿಲ್ಲ. ಹಣ್ಣು ಬೀಜ ತುಂಬಿದ ಬಲೆಯ ಚೀಲಗಳನ್ನು ನೇತುಹಾಕಬೇಡಿ, ಉಗುರು ಸಿಕ್ಕಿಕೊಳ್ಳುತ್ತದೆ. ಕಿರಿದಾದ ಬಾಯಿಯ ಗಾಜಿನ ಜಾಡಿಯಲ್ಲಿ ತಲೆ ಸಿಕ್ಕಿಬೀಳುವ ಅಪಾಯ ಇದೆ.

ನೆಲದಿಂದ ಒಂದೂವರೆ, ಎರಡು ಮೀಟರ್ ಎತ್ತರದಲ್ಲಿ ಮರದ ಕಾಂಡಕ್ಕೆ ಕಟ್ಟಿ. ಹೊಂಚು ಹಾಕುವ ಬೆಕ್ಕಿಗೆ ಅನುಕೂಲವಾಗುವ ಪೊದೆ ಹತ್ತಿರ ಇರಬಾರದು. ಗಿಡುಗ ಬಂದರೆ ಓಡಿ ಹತ್ತಲು ಮರ ಮಾತ್ರ ಪಕ್ಕದಲ್ಲೇ ಇರಬೇಕು. ಮನೆ ಗೋಡೆಗೆ, ಕಿಟಕಿಗೆ ಹತ್ತಿರ ಬೇಡ. ಯಾಕೆ ಅನ್ನುವುದು ಕೊನೆಯಲ್ಲಿ ಬರುತ್ತದೆ.

ಮುಚ್ಚಳ ಎತ್ತುವುದನ್ನು ಕಲಿಸುವುದು ಸುಲಭ. ಮೊದಲ ಎರಡು ಮೂರು ದಿನ ಮುಚ್ಚಳ ಪೂರ್ತಿ ತೆರೆದಿಡಿ. ಆಮೇಲೆ ಒಂದು ಕಡ್ಡಿ ಕೊಟ್ಟು ಅರ್ಧ ತೆರೆದಿಡಿ. ಅದಾದ ಮೇಲೆ ಒಂದು ಕಾಯಿಯ ಅರ್ಧ ಹೊರಗೆ ಕಾಣುವ ಹಾಗೆ ಸಿಕ್ಕಿಸಿ ಮುಚ್ಚಿ. ಒಂದು ಅಳಿಲು ಕಲಿತರೆ ಸಾಕು, ಉಳಿದವು ನೋಡುತ್ತಾ ಕೂತಿರುತ್ತವೆ.

ಮೂರಕ್ಕಿಂತ ಜಾಸ್ತಿ ಅಳಿಲು ಬರುತ್ತಿದ್ದರೆ ಇನ್ನೊಂದು ಪೆಟ್ಟಿಗೆಯನ್ನು ಮನೆಯ ಇನ್ನೊಂದು ಬದಿಗೆ ಕಟ್ಟಿ. ಒಂದರಿಂದ ಇನ್ನೊಂದು ಕಾಣಬಾರದು. ಕಂಡರೆ ಎರಡಕ್ಕೂ ಒಂದೇ ಯಜಮಾನ.

ಹಂತ 4: ಏನು ಕೊಡಬೇಕು

ಎಲ್ಲರೂ ತಪ್ಪುವುದು ಇಲ್ಲೇ. ನಾನೂ ಇಲ್ಲೇ ತಪ್ಪಿದ್ದು.

ಎಲ್ಲಕ್ಕಿಂತ ಒಳ್ಳೆಯದು ನಿಮ್ಮ ಸುತ್ತಲಿನ ಮರದ ಕಾಯಿ, ಅದೂ ಚಿಪ್ಪಿನ ಸಮೇತ. ಓಕ್ ಕಾಯಿ, ಹೇಜಲ್‌ನಟ್, ಅಕ್ರೋಟು, ಪೆಕಾನ್, ಬೀಚ್ ಬೀಜ. ಅಳಿಲಿನ ಬಾಚಿಹಲ್ಲು ಬದುಕಿರುವವರೆಗೂ ಬೆಳೆಯುತ್ತಲೇ ಇರುತ್ತದೆ. ಗಟ್ಟಿ ಚಿಪ್ಪು ಕೊರೆದರೆ ಸವೆದು ಹದವಾಗಿರುತ್ತದೆ. ಚಿಪ್ಪಿಗೆ ಇನ್ನೊಂದು ಲಾಭವಿದೆ. ಬಿಡಿಸಿದ ಬೀಜವನ್ನು ಅಳಿಲು ಅಲ್ಲೇ ಕೂತು ತಿಂದು ಇನ್ನೊಂದಕ್ಕೆ ಕೈ ಹಾಕುತ್ತದೆ. ಚಿಪ್ಪಿರುವ ಕಾಯಿಯಾದರೆ ಎಷ್ಟೋ ಸಲ ಹೊತ್ತುಕೊಂಡು ಹೋಗಿ ಹೂಳುತ್ತದೆ. ಪೆಟ್ಟಿಗೆ ಹತ್ತಿರ ಗುಂಪು ಸೇರುವುದು ಕಡಿಮೆಯಾಗುತ್ತದೆ, ಉಗ್ರಾಣವೂ ತುಂಬುತ್ತದೆ.

ಶರತ್ಕಾಲದಲ್ಲಿ ನೀವೇ ಆರಿಸಿಟ್ಟುಕೊಳ್ಳಬಹುದು. ಮರದ ಬುಡದಲ್ಲಿ ಬಿದ್ದದ್ದನ್ನು ಮುಟ್ಟಬೇಡಿ, ಅದು ಅಳಿಲಿನ ಪಾಲು. ಕಾಲುದಾರಿ, ಕಲ್ಲುಹಾಸಿನ ಮೇಲೆ ಬಿದ್ದು ಗುಡಿಸಿ ಎಸೆಯುವಂಥದ್ದನ್ನು ಆರಿಸಿ. ಓಕ್ ಕಾಯಿಗಳನ್ನು ನೀರಿಗೆ ಹಾಕಿ ನೋಡಿ. ಮುಳುಗಿದ್ದು ಗಟ್ಟಿ. ತೇಲಿದ್ದು ಟೊಳ್ಳು, ಇಲ್ಲವೇ ಒಳಗೆ ಹುಳ. ತೇಲಿದ್ದನ್ನು ಹಾಗೇ ಹಿತ್ತಲಿಗೆ ಎಸೆಯಿರಿ, ಹುಳ ತಿನ್ನುವವರು ಬರುತ್ತಾರೆ. ಮುಳುಗಿದ್ದನ್ನು ನೆರಳಲ್ಲಿ ಹರಡಿ ಒಣಗಿಸಿ, ತಂಪಾದ ಜಾಗದಲ್ಲಿ ತಗಡಿನ ಡಬ್ಬಿಯಲ್ಲಿಡಿ. ಪ್ಲಾಸ್ಟಿಕ್ ಡಬ್ಬಿ ಹೊರಗಿಟ್ಟರೆ ಅದಕ್ಕೆ ಬಾಗಿಲು ಕೊರೆದಿರುತ್ತವೆ.

ಈಗ ಕಡಲೆಕಾಯಿ. ಅಳಿಲಿಗೆ ಇದು ಪ್ರಾಣ. ಆದರೆ ಇದು ನೆಲದಡಿ ಬೆಳೆಯುವ ಕಾಳು, ಮರದ ಕಾಯಿ ಅಲ್ಲ. ಹಸಿ ಕಡಲೆಕಾಯಿಯಲ್ಲಿ ಪ್ರೊಟೀನ್ ಜೀರ್ಣವಾಗದಂತೆ ತಡೆಯುವ ಅಂಶ ಇರುತ್ತದೆ. ಹುರಿದರೆ ಅದು ಬಹುಮಟ್ಟಿಗೆ ಹೋಗುತ್ತದೆ. ಹಾಗಾಗಿ ಕೊಟ್ಟರೆ ಉಪ್ಪು, ಎಣ್ಣೆ ಇಲ್ಲದೆ ಹುರಿದದ್ದನ್ನೇ ಕೊಡಿ. ಬೂಷ್ಟು ಹಿಡಿದ ಕಡಲೆಕಾಯಿ, ಜೋಳದಲ್ಲಿ ಅಫ್ಲಟಾಕ್ಸಿನ್ ಅನ್ನುವ ವಿಷ ಇರಬಹುದು. ಅದು ಯಕೃತ್ತಿಗೆ ಪೆಟ್ಟು. ಹುರಿದರೂ ಪೂರ್ತಿ ಹೋಗುವುದಿಲ್ಲ. ಮುಗ್ಗಲು ವಾಸನೆ ಬಂದರೆ ಯೋಚನೆ ಮಾಡದೆ ಎಸೆಯಿರಿ. ನಾವು ತಿನ್ನದ್ದನ್ನು ಅಳಿಲಿಗೂ ಹಾಕಬಾರದು.

ಇದಕ್ಕಿಂತ ದೊಡ್ಡ ತೊಂದರೆ ಕ್ಯಾಲ್ಸಿಯಂನದ್ದು. ಮೂಳೆ ಗಟ್ಟಿಯಾಗಿರಬೇಕಾದರೆ ಆಹಾರದಲ್ಲಿ ರಂಜಕಕ್ಕಿಂತ ಕ್ಯಾಲ್ಸಿಯಂ ಜಾಸ್ತಿ ಇರಬೇಕು, ಹೆಚ್ಚು ಕಡಿಮೆ ಎರಡಕ್ಕೆ ಒಂದರಂತೆ. ಕಾಳು ಬೀಜಗಳಲ್ಲಿ ಇದು ತಲೆಕೆಳಗು. ಕಡಲೆಕಾಯಿಯಲ್ಲಿ ಕ್ಯಾಲ್ಸಿಯಂನ ಸುಮಾರು 4 ಪಟ್ಟು ರಂಜಕ ಇದೆ. ಸೂರ್ಯಕಾಂತಿ ಬೀಜದಲ್ಲಿ ಸುಮಾರು 8 ಪಟ್ಟು. ಒಣ ಮೆಕ್ಕೆಜೋಳದಲ್ಲಿ 30 ಪಟ್ಟು! ಹೇಜಲ್‌ನಟ್‌ನಲ್ಲಿ ಎರಡೂವರೆ ಪಟ್ಟು, ಬಾದಾಮಿಯಲ್ಲಿ ಎರಡು ಪಟ್ಟಿಗಿಂತ ಸ್ವಲ್ಪ ಕಡಿಮೆ. ಅಂದರೆ ಮರದ ಕಾಯಿಗಳೂ ಪೂರ್ತಿ ಸರಿಯಿಲ್ಲ, ಜೋಳದಷ್ಟು ಕೆಟ್ಟಿಲ್ಲ ಅಷ್ಟೇ. ದಿನಾ ಇಂಥದ್ದನ್ನೇ ತಿಂದರೆ ದೇಹ ತನ್ನ ಮೂಳೆಯಿಂದಲೇ ಕ್ಯಾಲ್ಸಿಯಂ ಕಿತ್ತುಕೊಳ್ಳುತ್ತದೆ. ಮೂಳೆ ಮೆದುವಾಗುತ್ತದೆ, ಹಿಂಗಾಲು ಸೋಲುತ್ತವೆ. ಮನುಷ್ಯರು ಸಾಕಿದ ಮರಿಗಳಲ್ಲಿ ಇದು ಜಾಸ್ತಿ. ಕಾಡಿನ ಅಳಿಲು ಮೊಗ್ಗು, ತೊಗಟೆ, ಅಣಬೆ ತಿಂದು, ಜಿಂಕೆಯ ಉದುರಿದ ಕೊಂಬು, ಹಳೇ ಮೂಳೆ ಕಡಿದು ಸರಿತೂಗಿಸಿಕೊಳ್ಳುತ್ತದೆ.

ನೀವು ಮಾಡಬೇಕಾದದ್ದು ಇದನ್ನೇ. ಜಿಂಕೆಯ ಉದುರಿದ ಕೊಂಬಿನ ಒಂದು ತುಂಡು ಸಿಕ್ಕರೆ ಕೊಂಬೆಗೆ ತಂತಿಯಲ್ಲಿ ಬಿಗಿಯಾಗಿ ಕಟ್ಟಿ. ಸಿಗದಿದ್ದರೆ ಉಪ್ಪು ಹಾಕದೆ ಬೇಯಿಸಿ, ತೊಳೆದು ಒಣಗಿಸಿದ ಮೂಳೆ. ನನ್ನ ಹಿತ್ತಲಲ್ಲಿ ಅಂಗೈಯಷ್ಟು ಕೊಂಬಿನ ತುಂಡು ಎರಡು ಚಳಿಗಾಲ ಬಂತು. ಅದರ ಮೇಲಿನ ಹಲ್ಲಿನ ಗೆರೆಗಳನ್ನು ನೋಡಿದರೆ ಅಳಿಲಿಗೆ ಅದು ಎಷ್ಟು ಬೇಕಿತ್ತು ಅಂತ ಗೊತ್ತಾಗುತ್ತದೆ.

ಕುಂಬಳ ಬೀಜ, ಸೂರ್ಯಕಾಂತಿ ಬೀಜ ಒಂದು ಚಿಟಿಕೆ ಬಾಯಿರುಚಿಗೆ ಪರವಾಗಿಲ್ಲ. ಬೀಜ ತೆಗೆದ ಸೇಬಿನ ಹೋಳು, ಕ್ಯಾರೆಟ್ ತುಂಡು ಕೊಡಬಹುದು. ಬಾದಾಮಿ ಸಿಹಿಯದ್ದೇ ಇರಲಿ. ಕಹಿ ಬಾದಾಮಿ ಹೊಟ್ಟೆಯಲ್ಲಿ ಸಯನೈಡ್ ಬಿಡುತ್ತದೆ. ಚಾಕೊಲೇಟ್, ಬ್ರೆಡ್, ಬಿಸ್ಕತ್ತು, ಚಿಪ್ಸ್, ಉಪ್ಪು ಸಕ್ಕರೆ ಸವರಿದ ಬೀಜಗಳು ಬೇಡವೇ ಬೇಡ.

ಹಂತ 5: ಎಷ್ಟು, ಯಾವಾಗ

ಒಂದು ಬೂದು ಅಳಿಲಿಗೆ ದಿನಕ್ಕೆ ಒಂದು ಅಕ್ರೋಟು ಮತ್ತು ಮೂರ್ನಾಲ್ಕು ಹೇಜಲ್‌ನಟ್. ಇಷ್ಟೇನಾ ಅನಿಸಬಹುದು. ಒಂದು ಅಕ್ರೋಟಿನ ತಿರುಳಿನಲ್ಲಿ ಸುಮಾರು 30 ಕ್ಯಾಲೊರಿ ಇರುತ್ತದೆ. ಅರ್ಧ ಕೆಜಿ ತೂಗುವ ಪ್ರಾಣಿಗೆ ಅದು ಸಣ್ಣ ತುತ್ತಲ್ಲ. ನೆಲ ಮಂಜುಗಡ್ಡೆಯಾದ ದಿನ, ಹಿಮಗಾಳಿಯ ಮುನ್ನಾದಿನ ಇದನ್ನು ಎರಡು ಪಟ್ಟು ಮಾಡಿ. ಅಂಥ ದಿನ ಅರ್ಧದಷ್ಟು ಕಾಯಿಗಳ ಚಿಪ್ಪನ್ನು ಸ್ವಲ್ಪ ಬಿರುಕು ಬಿಡಿಸಿ ಇಟ್ಟರೆ ಮುದಿ ಅಳಿಲಿಗೂ ಬೇಗ ತಿನ್ನಲು ಸಿಗುತ್ತದೆ.

ಹೊತ್ತು ಮುಖ್ಯ. ಬೇಸಿಗೆಯಲ್ಲಿ ಬೂದು ಅಳಿಲು ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಚುರುಕಾಗಿರುತ್ತದೆ. ಚಳಿಗಾಲದಲ್ಲಿ ಹಾಗಲ್ಲ. ಬಿಸಿಲು ಏರಿದ ಮೇಲೆ ಒಂದೇ ದೊಡ್ಡ ಸುತ್ತು. ಅದಕ್ಕೆ ಸರಿಯಾಗಿ ಬೆಳಿಗ್ಗೆ ಎಂಟರಿಂದ ಹತ್ತರೊಳಗೆ ಇಡಿ. ದಿನಾ ಒಂದೇ ಹೊತ್ತಿಗೆ ಇಟ್ಟರೆ ಅವು ಚಳಿಯಲ್ಲಿ ಸುಮ್ನೆ ಅಲೆಯಬೇಕಿಲ್ಲ. ಸಂಜೆ ಕತ್ತಲಾಗುವ ಮುಂಚೆ ಉಳಿದದ್ದನ್ನು ತೆಗೆಯಿರಿ. ಉಳಿದರೆ ನಾಳೆ ಕಡಿಮೆ ಇಡಿ. ರಾತ್ರಿ ಪೆಟ್ಟಿಗೆಯಲ್ಲಿ ಏನಾದರೂ ಇದ್ದರೆ ಅದು ಇಲಿಗೆ ಕೊಟ್ಟ ಆಹ್ವಾನ.

ಕೈಯಿಂದ ತಿನ್ನಿಸಬೇಡಿ. ಆಸೆ ಆಗುತ್ತದೆ, ನನಗೂ ಆಗಿದೆ. ಆತುರದಲ್ಲಿ ಅದು ಕಾಯಿಯ ಬದಲು ಬೆರಳು ಕಚ್ಚಬಹುದು. ಚಿಪ್ಪು ಕೊರೆಯುವ ಹಲ್ಲು, ನೆನಪಿರಲಿ. ನಿಮಗೆ ಕಚ್ಚದಿದ್ದರೂ, ಮನುಷ್ಯರನ್ನು ಕಂಡರೆ ಹತ್ತಿರ ಓಡುವ ಅಭ್ಯಾಸ ಬಿದ್ದ ಅಳಿಲು ನಾಳೆ ಪಕ್ಕದ ಮನೆ ಮಗುವಿನ ಕಾಲು ಹತ್ತುತ್ತದೆ. ಆಮೇಲೆ ಆಗುವುದು ಅಳಿಲಿಗೇ ಕಷ್ಟ.

ಹಂತ 6: ನೀರು

ಕಾಯಿಗಿಂತ ನೀರೇ ಹೆಚ್ಚು ಉಪಯೋಗಕ್ಕೆ ಬರುವ ದಿನಗಳಿವೆ. ಎಲ್ಲ ಕಡೆ ನೀರು ಗಟ್ಟಿಯಾದಾಗ ಅಳಿಲು ಹಿಮ ತಿನ್ನುತ್ತದೆ. ಅದನ್ನು ಹೊಟ್ಟೆಯಲ್ಲಿ ಕರಗಿಸಲು ಮೈಯ ಶಾಖವೇ ಖರ್ಚಾಗಬೇಕು.

ಮೂರ್ನಾಲ್ಕು ಸೆಂಟಿಮೀಟರ್ ಆಳದ ಎರಡು ರಬ್ಬರ್ ತಟ್ಟೆ ಇಟ್ಟುಕೊಳ್ಳಿ, ಕಪ್ಪಾದರೆ ಇನ್ನೂ ಒಳ್ಳೆಯದು. ಬಿಸಿಲಿಗೆ ಬೇಗ ಕಾಯುತ್ತದೆ, ಮಗುಚಿ ಬಗ್ಗಿಸಿದರೆ ಮಂಜುಗಡ್ಡೆ ಕಳಚಿ ಬೀಳುತ್ತದೆ. ಒಂದು ಹೊರಗೆ, ಒಂದು ಒಳಗೆ. ಬೆಳಿಗ್ಗೆ ಉಗುರುಬೆಚ್ಚಗಿನ ನೀರು ಹಾಕಿ, ಹೆಪ್ಪುಗಟ್ಟಿದರೆ ಬದಲಾಯಿಸಿ. ನಡುವೆ ಒಂದು ಕಲ್ಲಿಡಿ. ನೀರು ಗಟ್ಟಿಯಾಗದಿರಲಿ ಅಂತ ಉಪ್ಪು ಹಾಕಬೇಡಿ. ಕಾರಿಗೆ ಹಾಕುವ ಆಂಟಿಫ್ರೀಜ್ ಅಂತೂ ಸಿಹಿಯಾದ ವಿಷ, ಅದರ ಡಬ್ಬಿಯೂ ಹತ್ತಿರ ಇರಬಾರದು.

ಹಂತ 7: ಶುಚಿ, ಕಾಯಿಲೆ

ವಾರಕ್ಕೊಮ್ಮೆ ಪೆಟ್ಟಿಗೆಯ ಸಿಪ್ಪೆ ಕಸ ಗುಡಿಸಿ, ಬಿಸಿನೀರು ಸಾಬೂನಿನಲ್ಲಿ ತೊಳೆಯಿರಿ. ಎರಡು ವಾರಕ್ಕೊಮ್ಮೆ ಒಂದು ಪಾಲು ಬ್ಲೀಚ್‌ಗೆ ಒಂಬತ್ತು ಪಾಲು ನೀರು ಬೆರೆಸಿ, ಹತ್ತು ನಿಮಿಷ ನೆನೆಸಿ, ಚೆನ್ನಾಗಿ ಜಾಲಿಸಿ. ಪೂರ್ತಿ ಒಣಗಿದ ಮೇಲೆಯೇ ವಾಪಸು ಕಟ್ಟಿ.

ಚಳಿಗಾಲದ ಕೊನೆಯಲ್ಲಿ ಕೂದಲು ಉದುರಿ, ಚರ್ಮ ದಪ್ಪಗಾಗಿ, ಮೈ ಕೆರೆದುಕೊಳ್ಳುವ ಅಳಿಲು ಕಂಡರೆ ಅದು ನುಸಿಯಿಂದ ಬರುವ ಕಜ್ಜಿ ಇರಬಹುದು. ಒಂದರಿಂದ ಒಂದಕ್ಕೆ ಹರಡುತ್ತದೆ. ಆಗ ಎರಡು ಮೂರು ವಾರ ಆಹಾರ ಇಡುವುದನ್ನು ನಿಲ್ಲಿಸಿ, ಪೆಟ್ಟಿಗೆ ತೊಳೆದಿಡಿ. ಮನಸ್ಸಿಗೆ ಕಷ್ಟವಾಗುತ್ತದೆ, ಆದರೆ ಗುಂಪು ಚದುರಿದರೇ ಉಳಿದವಕ್ಕೆ ಒಳ್ಳೆಯದು. ಕಾಯಿಯಲ್ಲಿ ಔಷಧಿ ಸೇರಿಸಿಡುವ ಕೆಲಸಕ್ಕೆ ಕೈ ಹಾಕಬೇಡಿ. ಯಾವ ಅಳಿಲು ಎಷ್ಟು ತಿಂತು ಅಂತ ಲೆಕ್ಕ ಇಡುವವರು ಯಾರು? ವನ್ಯಜೀವಿ ಆರೈಕೆಗೆ ಪರವಾನಗಿ ಇರುವವರಿಗೆ ತಿಳಿಸಿ.

ಹಂತ 8: ಚಳಿಗಾಲದ ಕೊನೆ ಭಾಗಕ್ಕೆ ಉಳಿಸಿಕೊಳ್ಳಿ

ಮೊದಲ ಹಿಮ ಬಿದ್ದಾಗ ಎಲ್ಲರಿಗೂ ಉತ್ಸಾಹ. ಚೀಲಗಟ್ಟಲೆ ಕಾಯಿ ತರುತ್ತಾರೆ. ಆಗ ಅಳಿಲಿನ ಮೈಯಲ್ಲಿ ಕೊಬ್ಬಿದೆ, ನೆಲದಲ್ಲಿ ಗಂಟಿದೆ. ನಿಜವಾದ ಕಷ್ಟ ಬರುವುದು ನಮ್ಮ ಉತ್ಸಾಹ ಇಳಿದ ಮೇಲೆ, ಚಳಿಗಾಲ ಮುಗಿದು ವಸಂತ ಇನ್ನೂ ಕಣ್ಣು ಬಿಡದ ಹೊತ್ತಿನಲ್ಲಿ. ಹೂತಿಟ್ಟದ್ದು ಖಾಲಿಯಾಗಿರುತ್ತದೆ. ಉಳಿದ ಕಾಯಿಗಳು ಮೊಳೆಯುತ್ತಿರುತ್ತವೆ. ಮರದಲ್ಲಿ ಹೊಸದೇನೂ ಇರುವುದಿಲ್ಲ. ಎಲ್ಮ್, ಮೇಪಲ್ ಮರಗಳ ಮೊಗ್ಗು ಉಬ್ಬುವವರೆಗೂ ಹೊಟ್ಟೆ ಅರೆಬರೆ.

ಅದೇ ಹೊತ್ತಿಗೆ ಹೆಣ್ಣುಗಳು ಬಸುರಿ, ಇಲ್ಲವೇ ಬಾಣಂತಿ. ಬೂದು ಅಳಿಲು ಉತ್ತರ ಅಮೆರಿಕದಲ್ಲಿ ಡಿಸೆಂಬರ್‌ನಿಂದ ಫೆಬ್ರವರಿಯೊಳಗೆ ಒಂದು ಸಲ ಕೂಡುತ್ತದೆ, ಸುಮಾರು 44 ದಿನಕ್ಕೆ ಮರಿ. ಕೊಂಬಿನ ತುಂಡು ಹಾಕಿರದಿದ್ದರೆ ಈಗಲಾದರೂ ಹಾಕಿ. ಕಾಯಿಯ ದಾಸ್ತಾನನ್ನು ಮೂರು ಪಾಲು ಮಾಡಿ ಎರಡು ಪಾಲನ್ನು ಚಳಿಗಾಲದ ಎರಡನೇ ಅರ್ಧಕ್ಕೆ ಎತ್ತಿಡಿ. ಈ ಬರಹದಲ್ಲಿ ಒಂದೇ ಒಂದು ಮಾತು ಪಾಲಿಸುವುದಾದರೆ ಇದನ್ನು ಪಾಲಿಸಿ ಅನ್ನುತ್ತೇನೆ.

ಗೂಡನ್ನೂ ಕಾಯಿರಿ. ಎತ್ತರದ ಕವಲಿನಲ್ಲಿ ಒಣ ಎಲೆಯ ದೊಡ್ಡ ಉಂಡೆ ಕಂಡರೆ ಅದು ಅಳಿಲಿನ ಮನೆ. ಹಳೇ ಮರದ ಪೊಟರೆ ಇನ್ನೂ ಬೆಚ್ಚಗಿನ ಮನೆ. ಮರ ಸವರುವ ಕೆಲಸ ಈಗ ಬೇಡ.

ಬರುವ ತೊಂದರೆಗಳು

ಹಕ್ಕಿಗಳಿಗೆ ಇಟ್ಟ ಕಾಳನ್ನೂ ಅಳಿಲು ಮುಕ್ಕುತ್ತಿದ್ದರೆ, ಖಾರ ಸವರಿದ ಕಾಳು ಸಿಗುತ್ತದೆ. ಮೆಣಸಿನಕಾಯಿಯ ಉರಿ ಅಳಿಲಿಗೆ ಗೊತ್ತಾಗುತ್ತದೆ, ಹಕ್ಕಿಗೆ ಗೊತ್ತಾಗುವುದಿಲ್ಲ. ಪುಡಿ ಉದುರಿಸಬೇಡಿ, ಗಾಳಿಗೆ ಹಾರಿ ಕಣ್ಣಿಗೆ ಬೀಳುತ್ತದೆ.

ಟ್ಯೂಲಿಪ್ ಗಡ್ಡೆ ಕಿತ್ತು ತಿನ್ನುತ್ತವೆ. ಮಣ್ಣಿನ ಮೇಲೆ ತಂತಿ ಜಾಲರಿ ಹಾಸಿ. ಡ್ಯಾಫೊಡಿಲ್ ಗಡ್ಡೆ ವಿಷ, ಅದರ ಗೋಜಿಗೆ ಹೋಗುವುದಿಲ್ಲ.

ಎಲ್ಲಕ್ಕಿಂತ ದೊಡ್ಡ ತಲೆನೋವು ಅಟ್ಟ. ಒಳಗೆ ಹೊಕ್ಕರೆ ವಿದ್ಯುತ್ ತಂತಿ ಕಡಿಯುತ್ತವೆ, ಬೆಂಕಿಯ ಭಯ. ಪೆಟ್ಟಿಗೆ ಮನೆಗೆ ಹತ್ತಿರ ಬೇಡ ಅಂದದ್ದು ಇದಕ್ಕೇ. ಚಳಿ ಶುರುವಾಗುವ ಮುಂಚೆ ಸೂರಿನ ಸಂದುಗಳನ್ನು ಗಟ್ಟಿ ಲೋಹದ ಜಾಲರಿಯಿಂದ ಮುಚ್ಚಿಸಿ. ಚಾವಣಿಗೆ ಎರಡೂವರೆ ಮೀಟರ್‌ಗಿಂತ ಹತ್ತಿರ ಬಂದ ಕೊಂಬೆಗಳನ್ನೂ ಆಗಲೇ ಕತ್ತರಿಸಿಬಿಡಿ. ಆಗಲೇ ಒಳಗೆ ಸೇರಿಕೊಂಡಿದ್ದರೆ, ಮರಿ ಇಲ್ಲ ಅಂತ ಖಚಿತವಾಗದೆ ಮುಚ್ಚಬೇಡಿ. ತಾಯಿ ಹೊರಗೆ ಉಳಿದರೆ ಗೋಡೆಯನ್ನೇ ಕಿತ್ತು ಒಳಗೆ ಹೋಗಲು ನೋಡುತ್ತದೆ.

ನಿಲ್ಲಿಸುವುದು

ಮರಗಳಲ್ಲಿ ಮೊಗ್ಗು ಉಬ್ಬಿ ಒಡೆಯುವುದು ಕಂಡ ದಿನದಿಂದ ಕಡಿಮೆ ಮಾಡುತ್ತಾ ಬನ್ನಿ. ಮೊದಲ ವಾರ ಅರ್ಧ. ಎರಡನೇ ವಾರ ದಿನ ಬಿಟ್ಟು ದಿನ. ಮೂರನೇ ವಾರ ಎರಡು ಸಲ ಮಾತ್ರ. ಚಳಿಗಾಲದ ನಡುವೆ ಊರಿಗೆ ಹೋಗಬೇಕಾದರೂ ಹೀಗೇ, ಹೊರಡುವ ಒಂದು ವಾರ ಮುಂಚಿನಿಂದ ಇಳಿಸುತ್ತಾ ಬನ್ನಿ. ಕೊನೆಗೆ ಪೆಟ್ಟಿಗೆ ಬಿಚ್ಚಿ, ಬ್ಲೀಚ್ ನೀರಿನಲ್ಲಿ ತೊಳೆದು, ಒಣಗಿಸಿ ಒಳಗಿಡಿ. ಕೊಂಬಿನ ತುಂಡು ಮಾತ್ರ ಮರದಲ್ಲೇ ಇರಲಿ. ನಾಲ್ಕೈದು ದಿನ ಅಳಿಲು ಖಾಲಿ ಕಾಂಡದ ಮೇಲೆ ಕೂತು ನಿಮ್ಮ ಕಿಟಕಿಯನ್ನೇ ನೋಡುತ್ತದೆ. ಪರದೆ ಎಳೆದುಕೊಳ್ಳಿ.